ನಿಮಿಷಗಳ ಲೆಕ್ಕ ಎಲ್ಲಿಂದ ಶುರು?

‘ಲೇಸರ್ ಹಾಯಿಸಿದರೆ ಸಾಕು, ಯಾವ ಬ್ಯಾಕ್ಟೀರಿಯಾ ಎಂಬುದು ನಿಮಿಷಗಳಲ್ಲಿ ಗೊತ್ತಾಗುತ್ತದೆ.’ ಈ ಸಾಲಿನ ಕೆಳಗೆ ಒಂದು ಕಂಪನಿಯ ಹೆಸರು, ಅದರ ಷೇರಿನ ಇಂದಿನ ಬೆಲೆ, ಬೇಗ ಕೊಂಡುಕೊಳ್ಳಿ ಎಂಬ ಒತ್ತಾಯ. ಷೇರುಪೇಟೆಗೆ ಹೊಸಬರಾದವರ ಫೋನಿಗೆ ಇಂಥದ್ದು ಇಂದಲ್ಲ ನಾಳೆ ಬಂದೇ ಬರುತ್ತದೆ. ಅದರಲ್ಲಿರುವುದೆಲ್ಲ ಸುಳ್ಳು ಎಂದು ತಳ್ಳಿಹಾಕಬೇಡಿ. ಲೇಸರ್‌ನಿಂದ ಬ್ಯಾಕ್ಟೀರಿಯಾ ಗುರುತಿಸುವ ಯಂತ್ರಗಳು ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ದಿನವೂ ಕೆಲಸ ಮಾಡುತ್ತಿವೆ. ಆದರೆ ತಂತ್ರಜ್ಞಾನ ನಿಜವಾಗಿದ್ದೂ ಅದರಲ್ಲಿ ಹೂಡಿದ ಹಣ ಪೂರ್ತಿ ಮುಳುಗಬಹುದು. ಇವೆರಡೂ ಹೇಗೆ ಒಟ್ಟಿಗೆ ಸಾಧ್ಯ ಎಂಬುದನ್ನು ನಿಧಾನವಾಗಿ ನೋಡೋಣ. ವಿಜ್ಞಾನ ಓದಿರಬೇಕಿಲ್ಲ, ಲೆಕ್ಕ ಬರುತ್ತಿದ್ದರೆ ಸಾಕು.

ಮೊದಲು ಹಳೆಯ ದಾರಿ. ರೋಗಿಗೆ ರಕ್ತನಂಜು ಆಗಿದೆಯೇನೋ ಎಂಬ ಅನುಮಾನ ಬಂದರೆ ವೈದ್ಯರು ರಕ್ತ ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಪೋಷಕ ದ್ರವವಿರುವ ಬಾಟಲಿಗೆ ರಕ್ತ ಹಾಕಿ, ದೇಹದಷ್ಟೇ ಬೆಚ್ಚಗಿಟ್ಟು ಕಾಯುತ್ತಾರೆ. ಬ್ಯಾಕ್ಟೀರಿಯಾ ಬೆಳೆಯುತ್ತಿರುವ ಸೂಚನೆ ಸಿಗಲು ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ಅದರಿಂದ ಒಂದು ತೊಟ್ಟನ್ನು ಅಗಾರ್ ಎಂಬ ಜೆಲ್ಲಿ ಹಾಕಿದ ತಟ್ಟೆಯ ಮೇಲೆ ಎಳೆಯುತ್ತಾರೆ. ಇದು 1887ರಲ್ಲಿ ಜರ್ಮನಿಯ ಪೆಟ್ರಿ ವರ್ಣಿಸಿದ ಅದೇ ತಟ್ಟೆ, ಇಂದಿಗೂ ಬದಲಾಗಿಲ್ಲ. ಅದರ ಮೇಲೆ ಕಣ್ಣಿಗೆ ಕಾಣುವಂಥ ಚುಕ್ಕೆಗಳು ಮೂಡಲು ಮತ್ತೊಂದು ದಿನ. ಯಾವ ಆ್ಯಂಟಿಬಯೋಟಿಕ್‌ಗೆ ಅದು ಬಗ್ಗುತ್ತದೆ ಎಂದು ನೋಡಲು ಇನ್ನೊಂದು ದಿನ. ಅಷ್ಟರಲ್ಲಿ ವೈದ್ಯರು ಸುಮ್ಮನಿರುವಂತಿಲ್ಲ. ಅಂದಾಜಿನ ಮೇಲೆ ಬಲವಾದ ಔಷಧ ಶುರುಮಾಡಿರುತ್ತಾರೆ. ಅಂದಾಜು ತಪ್ಪಿದರೆ ರೋಗಿಗೆ ಅಪಾಯ. ಸರಿಯಾದರೂ, ಬೇಕಿಲ್ಲದ ಕಡೆ ಬಲವಾದ ಔಷಧ ಬಳಸಿ ಬಳಸಿ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗದಂತಾಗುತ್ತವೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ರಕ್ತನಂಜು ಆಗಿ, 1.1 ಕೋಟಿಯಷ್ಟು ಮಂದಿ ಸತ್ತರು ಎಂಬ ಅಂದಾಜು 2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಾಲು, ಮಾಂಸ, ಚೀಸ್ ತಯಾರಿಸುವವರಿಗೂ ಇದೇ ಕಾಯುವಿಕೆ. ಲಿಸ್ಟೀರಿಯಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಇಲ್ಲ ಎಂಬ ವರದಿ ಬರುವವರೆಗೆ ಸರಕು ಶೀತಲಗೃಹದಲ್ಲಿ ಕೂತಿರುತ್ತದೆ, ದಿನಕ್ಕಿಷ್ಟು ಎಂದು ಖರ್ಚು ಏರುತ್ತಿರುತ್ತದೆ. ಹಾಗಾಗಿ ಬೇಗ ಪತ್ತೆಹಚ್ಚುವ ಯಂತ್ರ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಇನ್ನು ಬೆಳಕಿನ ವಿಷಯ. ಹೆಂಚಿನ ಮನೆಯೊಳಗೆ ಬಿಸಿಲುಕೋಲು ಬಿದ್ದಾಗ ಅದರಲ್ಲಿ ತೇಲುವ ದೂಳು ಹೊಳೆಯುವುದನ್ನು ನೋಡಿದ್ದೀರಿ. ಕಣಗಳಿಗೆ ಬಡಿದ ಬೆಳಕು ನಾನಾ ದಿಕ್ಕಿಗೆ ಚದರಿ, ಒಂದಿಷ್ಟು ನಮ್ಮ ಕಣ್ಣಿಗೆ ಬರುವುದರಿಂದಲೇ ದೂಳು ಕಾಣಿಸುವುದು. ಕಣದ ಗಾತ್ರ, ಆಕಾರ, ಒಳಗಿನ ರಚನೆ ಬದಲಾದರೆ ಬೆಳಕು ಚದರುವ ರೀತಿಯೂ ಬದಲಾಗುತ್ತದೆ. ಬಿಸಿಲಿನ ಬದಲು ಲೇಸರ್, ದೂಳಿನ ಬದಲು ಶುದ್ಧ ನೀರಿನಲ್ಲಿ ಬಿಟ್ಟ ಬ್ಯಾಕ್ಟೀರಿಯಾ, ಕಣ್ಣಿನ ಬದಲು ಸುತ್ತ ಜೋಡಿಸಿದ ಬೆಳಕಿನ ಸಂವೇದಕಗಳು ಎಂದುಕೊಳ್ಳಿ. ಒಂದು ಬಗೆಯ ಯಂತ್ರ ಸಿದ್ಧವಾಯಿತು. ಒಂದೇ ಬಣ್ಣದ, ಒಂದೇ ದಿಕ್ಕಿನ ಬೆಳಕು ಕೊಡುವುದರಿಂದ ಈ ಕೆಲಸಕ್ಕೆ ಲೇಸರ್ ಒಪ್ಪುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯಾ ಗುಂಪಿನ ಮೇಲೇ ಕೆಂಪು ಲೇಸರ್ ಬಿಟ್ಟು, ಚದರಿದ ಬೆಳಕು ಮೂಡಿಸುವ ಚಿತ್ತಾರದಿಂದ ಅದರ ಜಾತಿ ಹೇಳುವ ‘ಬಾರ್ಡಾಟ್’ ಎಂಬ ವಿಧಾನ ರೂಪಿಸಿದರು. ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಜಪಾನಿನ ಸಿಸ್‌ಮೆಕ್ಸ್ ಕಂಪನಿಯ ಯಂತ್ರಗಳಲ್ಲಿ ಕಣಗಳು ಒಂದರ ಹಿಂದೆ ಒಂದು ಲೇಸರ್ ಮುಂದೆ ಹಾದುಹೋಗುತ್ತವೆ.

ಎರಡನೆಯ ಬಗೆಯ ಹೆಸರು ಕೇಳಿದರೆ ನಮ್ಮವರ ಕಿವಿ ನಿಮಿರುತ್ತದೆ. 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಕಂಡುಕೊಂಡ ಪರಿಣಾಮವೇ ಇದರ ಬುನಾದಿ. ಅಣುವಿಗೆ ಬಡಿದು ಚದರುವ ಬೆಳಕಿನಲ್ಲಿ ಬಹುಪಾಲು ಬಂದ ಬಣ್ಣದಲ್ಲೇ ವಾಪಸಾಗುತ್ತದೆ. ಬಲು ಸಣ್ಣ ಪಾಲು ಮಾತ್ರ ಆ ಅಣುವಿನ ಕಂಪನಕ್ಕೆ ತಕ್ಕಂತೆ ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯೇ ಅಣುವಿನ ಗುರುತು. ಪಾಲು ಎಷ್ಟು ಸಣ್ಣದೆಂದರೆ, ಅಂದಾಜು ಕೋಟಿಗೆ ಒಂದು. ರಾಮನ್ ಮತ್ತು ಅವರ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಮೊದಲು ಬಿಸಿಲನ್ನು, ನಂತರ ಪಾದರಸದ ದೀಪವನ್ನು ಬಳಸಿದ್ದರು. 1960ರಲ್ಲಿ ಲೇಸರ್ ಬಂದ ಮೇಲೆ ಈ ವಿದ್ಯೆಗೆ ಹೊಸ ಜೀವ ಬಂತು. ಆದರೂ ಕೋಟಿಗೆ ಒಂದು ಎಂಬ ಬಡತನ ಹೋಗಲಿಲ್ಲ. ಅದನ್ನು ಹಿಗ್ಗಿಸಲು ಬೆಳ್ಳಿ, ಚಿನ್ನದ ಅತಿಸೂಕ್ಷ್ಮ ಕಣಗಳ ಮೇಲೆ ಮಾದರಿಯನ್ನಿಡುವ ಉಪಾಯ 1970ರ ದಶಕದಿಂದ ಬಳಕೆಯಲ್ಲಿದೆ. ರಾಮನ್ ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು, ಅವರು ಕಟ್ಟಿದ ಸಂಸ್ಥೆ ಸದಾಶಿವನಗರದಲ್ಲಿ ಇಂದಿಗೂ ಇದೆ. ಇದೆಲ್ಲ ಹೆಮ್ಮೆಯ ಮಾತು, ನಿಜ. ಆದರೆ ರಾಮನ್ ಹೆಸರಿನ ತಂತ್ರ ಬಳಸುತ್ತದೆ ಎಂಬ ಅಭಿಮಾನಕ್ಕೆ ಕ್ಯಾಲಿಫೋರ್ನಿಯಾದ ಯಾವುದೋ ಕಂಪನಿಯ ಷೇರು ಕೊಳ್ಳುವುದು ಹೂಡಿಕೆಯಲ್ಲ.

ಮೂರನೆಯದೇ ನಿಜವಾಗಿ ಗೆದ್ದದ್ದು. ಬ್ಯಾಕ್ಟೀರಿಯಾವನ್ನು ಒಂದು ರಾಸಾಯನಿಕದ ಜೊತೆ ಲೋಹದ ಫಲಕದ ಮೇಲೆ ಒಣಗಿಸಿ, ಅದಕ್ಕೆ ಲೇಸರ್ ಹೊಡೆಯುತ್ತಾರೆ. ಒಳಗಿನ ಪ್ರೋಟೀನ್‌ಗಳು ವಿದ್ಯುದಾವೇಶ ಪಡೆದು ಹಾರುತ್ತವೆ. ಹಗುರವಾದದ್ದು ಮೊದಲು, ಭಾರವಾದದ್ದು ಆಮೇಲೆ ನಿರ್ವಾತ ಕೊಳವೆಯ ಕೊನೆ ಮುಟ್ಟುತ್ತದೆ. ಯಾವುದು ಎಷ್ಟು ಹೊತ್ತಿಗೆ ಬಂತು ಎಂಬ ಪಟ್ಟಿಯನ್ನು ಮೊದಲೇ ಸಂಗ್ರಹಿಸಿಟ್ಟ ಸಾವಿರಾರು ಪಟ್ಟಿಗಳ ಜೊತೆ ತಾಳೆ ನೋಡಿ ಹೆಸರು ಹೇಳುತ್ತದೆ ಯಂತ್ರ. ಪ್ರಯೋಗಾಲಯದವರು ಇದನ್ನು ‘ಮಾಲ್ಡಿ’ ಎನ್ನುತ್ತಾರೆ. ಜರ್ಮನಿಯ ಹಿಲೆನ್‌ಕ್ಯಾಂಪ್ ಮತ್ತು ಕಾರಾಸ್, ಜಪಾನಿನ ಕೊಯಿಚಿ ತನಾಕ 1980ರ ದಶಕದಲ್ಲಿ ಇಂಥ ವಿಧಾನಗಳನ್ನು ಕಂಡುಕೊಂಡರು. ಶಿಮಾಡ್ಜು ಕಂಪನಿಯ ಎಂಜಿನಿಯರ್ ಆಗಿದ್ದ ತನಾಕ ಅವರಿಗೆ 2002ರಲ್ಲಿ ನೊಬೆಲ್‌ನ ಪಾಲು ಸಿಕ್ಕಿತು. ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ ಯಂತ್ರಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟದ್ದು 2013ರಲ್ಲಿ. ಫ್ರಾನ್ಸಿನ ಬಯೋಮೆರಿಯೂ ಮೊದಲು, ಅದೇ ವರ್ಷ ಬ್ರೂಕರ್ ನಂತರ. ಕಂಡುಹಿಡಿದದ್ದಕ್ಕೂ ಅಮೆರಿಕದ ಆಸ್ಪತ್ರೆಗೆ ಮಾರಲು ಪರವಾನಗಿ ಸಿಕ್ಕಿದ್ದಕ್ಕೂ ನಡುವೆ ಕಾಲು ಶತಮಾನ ದಾಟಿತು ಎಂಬುದನ್ನು ಹೂಡಿಕೆದಾರರು ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಇಷ್ಟಾದರೂ ಈ ಯಂತ್ರ ಇ. ಕೋಲಿ ಮತ್ತು ಶಿಗೆಲ್ಲಾಗಳ ನಡುವೆ ಇಂದಿಗೂ ತಡವರಿಸುತ್ತದೆ, ಅವೆರಡೂ ಅಷ್ಟು ಹತ್ತಿರದ ನೆಂಟರು.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ನಿಮಿಷಗಳಲ್ಲಿ’ ಎಂದು ಕಂಪನಿ ಹೇಳಿದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾವಾಗಿನಿಂದ? ಮಾಲ್ಡಿ ಯಂತ್ರಕ್ಕೆ ಫಲಕ ಇಟ್ಟ ಮೇಲೆ ಉತ್ತರ ನಿಮಿಷಗಳಲ್ಲಿ ಬರುತ್ತದೆ, ನಿಜ. ಆದರೆ ಫಲಕಕ್ಕೆ ಹಚ್ಚಲು ಸಾಮಾನ್ಯವಾಗಿ ಒಂದು ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಬೇಕು. ರಕ್ತನಂಜು ಆದವರ ಒಂದು ಮಿಲಿಲೀಟರ್ ರಕ್ತದಲ್ಲಿ ಇರುವುದು ಎಷ್ಟೋ ಸಲ ಬೆರಳೆಣಿಕೆಯಷ್ಟು. ಹಾಗಾಗಿ ಬೆಳೆಸಲೇಬೇಕು. ಇ. ಕೋಲಿ ಅನುಕೂಲ ಸಿಕ್ಕಾಗ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ಗಂಟೆಗೆ 30 ಇಮ್ಮಡಿ, ಲೆಕ್ಕದಲ್ಲಿ ಒಂದು ಕೋಶ 107 ಕೋಟಿ ಆಗುತ್ತದೆ. ಕೇಳಲು ಭಾರಿ ವೇಗ. ಆದರೆ ಆ ಹತ್ತು ಗಂಟೆಯನ್ನು ಯಾವ ಲೇಸರ್ ಕೂಡ ಕಡಿಮೆ ಮಾಡಲಾರದು, ಬೆಳೆಸದೆಯೇ ನೋಡುವ ದಾರಿ ಸಿಗದ ಹೊರತು. ಬೆಳಕಿನ ವೇಗ ಎಷ್ಟೇ ಇರಲಿ, ಕಾಯುವುದು ಬ್ಯಾಕ್ಟೀರಿಯಾದ ವೇಗಕ್ಕೆ.

ಕ್ಯಾಲಿಫೋರ್ನಿಯಾದ ಮೈಕ್ರೊ ಇಮೇಜಿಂಗ್ ಟೆಕ್ನಾಲಜಿ ಎಂಬ ಸಣ್ಣ ಕಂಪನಿ ಲೇಸರ್ ಚದರಿಕೆಯಿಂದ ಬ್ಯಾಕ್ಟೀರಿಯಾ ಗುರುತಿಸುವ ‘ಎಂಐಟಿ 1000’ ಯಂತ್ರವನ್ನು ಇದೇ ರೀತಿ ನಿಮಿಷಗಳ ಭಾಷೆಯಲ್ಲಿ ಪರಿಚಯಿಸುತ್ತಿತ್ತು. ಆ ನಿಮಿಷಗಳ ಲೆಕ್ಕ ಕಲ್ಚರ್ ಆದ ಮೇಲಿನದು. ಅದರ ಷೇರು ದೊಡ್ಡ ವಿನಿಮಯ ಕೇಂದ್ರಗಳ ಹೊರಗಿನ ಪೇಟೆಯಲ್ಲಿ ಚಿಲ್ಲರೆ ಬೆಲೆಗೆ ಕೈ ಬದಲಾಯಿಸುತ್ತಿತ್ತು. ಅಲ್ಲಿ ಐದು ಡಾಲರ್‌ಗಿಂತ ಕಡಿಮೆ ಬೆಲೆಯವನ್ನು ಪೆನ್ನಿ ಸ್ಟಾಕ್ ಎನ್ನುತ್ತಾರೆ, ಇದಂತೂ ಸೆಂಟ್‌ಗಳ ಲೆಕ್ಕದ್ದು. ಮೋಸ ಎಂದು ನಾನು ಹೇಳುತ್ತಿಲ್ಲ, ಯಂತ್ರದ ಹಿಂದಿನ ಭೌತಶಾಸ್ತ್ರ ಸರಿಯಾದದ್ದೇ. ಪ್ರಯೋಗಾಲಯದ ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತು ಯೋಚಿಸಿ: ಒಂದು ದಿನ ಕಲ್ಚರ್ ಮಾಡಿ ಆಗಿದೆ, ಕೊನೆಯ ಹಂತದಲ್ಲಿ ಉಳಿಯುವ ಸಮಯಕ್ಕಾಗಿ ಹೆಸರು ಕೇಳದ ಕಂಪನಿಯ ಯಂತ್ರ ಕೊಳ್ಳುತ್ತೀರಾ?

ಸಂಶೋಧನಾ ಪ್ರಬಂಧಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. 2019ರಲ್ಲಿ ಸ್ಟ್ಯಾನ್‌ಫರ್ಡ್ ತಂಡವೊಂದು ರಾಮನ್ ರೋಹಿತಗಳನ್ನು (ಚದರಿದ ಬೆಳಕಿನ ಬಣ್ಣಗಳ ಪಟ್ಟಿಗಳನ್ನು) ಕಂಪ್ಯೂಟರಿಗೆ ಕಲಿಸಿ, 30 ಬಗೆಯ ರೋಗಕಾರಕಗಳನ್ನು ಶೇ 82ಕ್ಕಿಂತ ಹೆಚ್ಚು ನಿಖರವಾಗಿ, ಅವಕ್ಕೆ ತಕ್ಕ ಔಷಧದ ಗುಂಪನ್ನು ಸುಮಾರು ಶೇ 97ರಷ್ಟು ನಿಖರವಾಗಿ ಗುರುತಿಸಿದ್ದನ್ನು ಪ್ರಕಟಿಸಿತು. ಒಳ್ಳೆಯ ಕೆಲಸ, ಇಂಥದ್ದರಿಂದಲೇ ಮುಂದೆ ಬೆಳೆಸದೆ ನೋಡುವ ದಾರಿ ಸಿಗಬಹುದು. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಮಾದರಿಯ ಮೇಲಿನ ಫಲಿತಾಂಶಕ್ಕೂ, ರಾತ್ರಿ ಎರಡು ಗಂಟೆಗೆ ಬಂದ ರೋಗಿಯ ರಕ್ತದ ಮೇಲಿನ ಫಲಿತಾಂಶಕ್ಕೂ ಬಹಳ ದೂರವಿದೆ.

ಶೇಕಡಾ ಲೆಕ್ಕದಲ್ಲೂ ಒಂದು ಬಲೆ ಇದೆ. ಸಾವಿರ ಡಬ್ಬಿ ಚೀಸ್‌ನಲ್ಲಿ ಒಂದರಲ್ಲಿ ಮಾತ್ರ ಲಿಸ್ಟೀರಿಯಾ ಇದೆ ಎಂದುಕೊಳ್ಳಿ. ಯಂತ್ರ ಚೆನ್ನಾಗಿರುವ ಡಬ್ಬಿಯನ್ನು ನೂರಕ್ಕೆ ತೊಂಬತ್ತೊಂಬತ್ತು ಸಲ ಚೆನ್ನಾಗಿದೆ ಎಂದೇ ಹೇಳುತ್ತದೆ. ಉಳಿದ 999 ಡಬ್ಬಿಗಳಲ್ಲಿ ಸುಮಾರು ಹತ್ತರ ಮೇಲೆ ಸುಳ್ಳು ಎಚ್ಚರಿಕೆ ಬರುತ್ತದೆ, ನಿಜವಾದದ್ದು ಒಂದು. ಯಂತ್ರ ‘ಇದೆ’ ಎಂದ ಹನ್ನೊಂದು ಸಲದಲ್ಲಿ ಹತ್ತು ಸಲ ಇಲ್ಲ. ಪ್ರಚಾರಪತ್ರದಲ್ಲಿ ಇದು ‘ಶೇ 99 ನಿಖರ’. ಕಾರ್ಖಾನೆಯ ಮ್ಯಾನೇಜರ್ ಮಾತ್ರ ಪ್ರತಿ ಸಲವೂ ಖಚಿತಪಡಿಸಿಕೊಳ್ಳಲು ಅದೇ ಹಳೆಯ ತಟ್ಟೆಗೆ ಹೋಗಬೇಕಾಗುತ್ತದೆ.

ಸರಿ, ಒಳ್ಳೆಯ ಯಂತ್ರವೇ ಸಿಕ್ಕಿತು ಎನ್ನೋಣ. ದುಡ್ಡು ಎಲ್ಲಿಂದ ಬರುತ್ತದೆ? ಈ ಉದ್ಯಮದಲ್ಲಿ ಯಂತ್ರ ಮಾರಿ ಬರುವ ಲಾಭಕ್ಕಿಂತ ಪ್ರತಿ ಪರೀಕ್ಷೆಗೂ ಬೇಕಾಗುವ ಕಿಟ್‌ನಲ್ಲಿ ಬರುವ ಲಾಭ ನಿಯತವಾದದ್ದು. ಎಷ್ಟೋ ಕಂಪನಿಗಳು ಯಂತ್ರವನ್ನು ಕಡಿಮೆ ಬೆಲೆಗೋ ಬಾಡಿಗೆಗೋ ಕೊಟ್ಟು ಕಿಟ್‌ನಲ್ಲಿ ಸಂಪಾದಿಸುತ್ತವೆ. ಲೇಸರ್ ವಿಧಾನಗಳ ದೊಡ್ಡ ಆಕರ್ಷಣೆಯೆಂದರೆ ‘ಕಿಟ್ ಬೇಡ, ರಾಸಾಯನಿಕ ಬೇಡ, ಬೆಳಕೇ ಸಾಕು’ ಎಂಬುದು. ಗ್ರಾಹಕನಿಗೆ ಇದು ವರ, ಷೇರುದಾರನಿಗೆ ತಲೆನೋವು. ಒಮ್ಮೆ ಮಾರಿದ ಮೇಲೆ ಮತ್ತೆ ಮತ್ತೆ ಬರುವ ಆದಾಯ ಯಾವುದು? ನಿರ್ವಹಣಾ ಒಪ್ಪಂದವೇ, ಸಾಫ್ಟ್‌ವೇರ್ ಚಂದಾವೇ, ರೋಹಿತಗಳ ಭಂಡಾರದ ಬಳಕೆಗೆ ಶುಲ್ಕವೇ? ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬೆಲೆಬಾಳುವುದು ಲೇಸರ್ ಅಲ್ಲವೇ ಅಲ್ಲ, ಅದು ಈಗ ಅಗ್ಗದ ವಸ್ತು. ಆ ಭಂಡಾರ ಬೆಲೆಬಾಳುತ್ತದೆ. ವರ್ಷಗಟ್ಟಲೆ ಕೂಡಿಸಿದ ಸಾವಿರಾರು ಜಾತಿಗಳ ಮಾಹಿತಿಯನ್ನು ಹೊಸಬ ಕಂಪನಿ ನಾಳೆ ಬೆಳಿಗ್ಗೆ ತಂದುಕೊಳ್ಳಲಾಗದು.

ದುಡ್ಡು ಖರ್ಚಾಗುವ ದಾರಿ ಮಾತ್ರ ಸ್ಪಷ್ಟವಾಗಿರುತ್ತದೆ. ಆಸ್ಪತ್ರೆಯಲ್ಲಿ ಪ್ರಯೋಗ, ಎಫ್‌ಡಿಎಗೆ ಕಡತ, ಯುರೋಪಿನಲ್ಲಿ 2022ರ ಮೇ ತಿಂಗಳಿಂದ ಜಾರಿಯಾದ ಬಿಗಿ ನಿಯಮ, ಮಾರಾಟದ ತಂಡ. ಅನುಮತಿ ಸಿಕ್ಕಿತು ಎಂಬ ಸುದ್ದಿಗೆ ಷೇರು ಜಿಗಿಯುತ್ತದೆ. ಆಸ್ಪತ್ರೆಗಳು ಕೊಳ್ಳುವುದು ಅದರ ವರ್ಷಗಳ ಬಳಿಕ. ಅರಿಜೋನಾದ ಆ್ಯಕ್ಸೆಲರೇಟ್ ಡಯಾಗ್ನಾಸ್ಟಿಕ್ಸ್ ಕಂಪನಿಯ ಕತೆ ಇದಕ್ಕೆ ಒಳ್ಳೆಯ ಪಾಠ. ಅದರದು ಲೇಸರ್ ಅಲ್ಲ, ಹೊಳೆಯುವ ಬಣ್ಣ ಮತ್ತು ಸೂಕ್ಷ್ಮದರ್ಶಕದ ವಿಧಾನ. ಆದರೆ ಓಟ ಅದೇ. ರಕ್ತದ ಬಾಟಲಿಯಲ್ಲಿ ಬೆಳವಣಿಗೆ ಕಂಡ ಮೇಲೆ (ಇಲ್ಲೂ ಗಡಿಯಾರ ಎಲ್ಲಿಂದ ಎಂಬುದನ್ನು ಗಮನಿಸಿ) ಬ್ಯಾಕ್ಟೀರಿಯಾದ ಹೆಸರು ಒಂದೂವರೆ ಗಂಟೆಯಲ್ಲಿ, ಔಷಧದ ವಿವರ ಸುಮಾರು ಏಳು ಗಂಟೆಯಲ್ಲಿ. 2017ರ ಫೆಬ್ರುವರಿಯಲ್ಲಿ ಎಫ್‌ಡಿಎ ಒಪ್ಪಿತು. ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಯಲ್ಲಿದ್ದ ಷೇರಿಗೆ ಒಳ್ಳೆಯ ಕಾಲ. ನಂತರ ಆಸ್ಪತ್ರೆಗಳು ನಿರೀಕ್ಷಿಸಿದಷ್ಟು ಬೇಗ ಕೊಳ್ಳಲಿಲ್ಲ, ಸಾಲ ಬೆಳೆಯಿತು. 2025ರ ಮೇ ತಿಂಗಳಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಯಂತ್ರ ಕೆಲಸ ಮಾಡುತ್ತಿತ್ತು. ಎಫ್‌ಡಿಎ ಕೂಡ ಇಲ್ಲ ಎಂದಿರಲಿಲ್ಲ.

ದಿವಾಳಿಗೆ ಮುಂಚೆಯೇ ಷೇರುದಾರ ಸವೆಯುವ ಇನ್ನೊಂದು ದಾರಿ ಇದೆ. ಕಂಪನಿಯ ಬಳಿ 2.4 ಕೋಟಿ ಡಾಲರ್ ನಗದು ಇದೆ, ಮೂರು ತಿಂಗಳಿಗೆ 60 ಲಕ್ಷ ಕರಗುತ್ತಿದೆ ಎಂದುಕೊಳ್ಳಿ. ಒಂದು ವರ್ಷ ಬದುಕುತ್ತದೆ. ಅಷ್ಟರೊಳಗೆ ಹೊಸ ಷೇರು ಹೊರಡಿಸಿ ಹಣ ಎತ್ತಲೇಬೇಕು. ಷೇರುಗಳ ಸಂಖ್ಯೆ ಇಮ್ಮಡಿಯಾದರೆ ನಿಮ್ಮ ಪಾಲು ಅರ್ಧಕ್ಕಿಳಿಯಿತು, ನೀವು ಒಂದನ್ನೂ ಮಾರದೆ. ಹೀಗೆ ಹಲವು ಸಲ ಆಗಿ ಬೆಲೆ ಒಂದು ಡಾಲರಿನ ಕೆಳಗಿಳಿದರೆ ವಿನಿಮಯ ಕೇಂದ್ರ ಹೊರಹಾಕುವ ಎಚ್ಚರಿಕೆ ಕೊಡುತ್ತದೆ. ಆಗ ಹಲವು ಷೇರುಗಳನ್ನು ಕೂಡಿಸಿ ಒಂದು ಮಾಡುತ್ತಾರೆ. ಆಯಸ್ಕಾಂತ ತಂತ್ರದಿಂದ ರಕ್ತದಲ್ಲಿನ ಬ್ಯಾಕ್ಟೀರಿಯಾ ಪತ್ತೆಹಚ್ಚುತ್ತಿದ್ದ ಟಿ2 ಬಯೋಸಿಸ್ಟಮ್ಸ್ 2022ರಲ್ಲಿ ಐವತ್ತನ್ನು ಒಂದು ಮಾಡಿತು, 2023ರಲ್ಲಿ ನೂರನ್ನು ಒಂದು ಮಾಡಿತು. ಮೊದಲು ಐದು ಸಾವಿರ ಷೇರು ಇದ್ದವರ ಕೈಯಲ್ಲಿ ಉಳಿದದ್ದು ಒಂದು. ವಿಪರ್ಯಾಸವೆಂದರೆ ಟಿ2 ಕಂಪನಿಯದು ಕಲ್ಚರ್‌ಗೆ ಕಾಯದೆ ನೇರ ರಕ್ತದಲ್ಲೇ ನೋಡುವ ವಿಧಾನ. ಗಡಿಯಾರದ ಪ್ರಶ್ನೆಗೆ ಅದರ ಬಳಿ ಒಳ್ಳೆಯ ಉತ್ತರವೇ ಇತ್ತು.

ಹಾಗಾದರೆ ದೊಡ್ಡ ಕಂಪನಿಗಳೇ ಸುರಕ್ಷಿತವೇ? ಬ್ರೂಕರ್ ನ್ಯಾಸ್‌ಡ್ಯಾಕ್‌ನಲ್ಲಿದೆ, ಬಯೋಮೆರಿಯೂ ಪ್ಯಾರಿಸ್‌ನಲ್ಲಿ. ಎರಡನೆಯದರ ಬಹುಪಾಲು ಷೇರು ಮೆರಿಯೂ ಕುಟುಂಬದ್ದು. ರಾಮನ್ ಉಪಕರಣ ತಯಾರಿಸುವ ರೆನಿಶಾ ಲಂಡನ್ ಪೇಟೆಯಲ್ಲಿ, ಹೊರಿಬಾ ಟೋಕಿಯೊದಲ್ಲಿ ಸಿಗುತ್ತವೆ. ಇವು ನಾಳೆಯೇ ಮುಳುಗುವ ಪೈಕಿ ಅಲ್ಲ. ಆದರೆ ಹೊರಿಬಾ ಕೊಂಡರೆ ವಾಹನಗಳ ಹೊಗೆ ಅಳೆಯುವ ಯಂತ್ರವನ್ನೂ ಕೊಂಡ ಹಾಗಾಯಿತು, ರೆನಿಶಾ ಕೊಂಡರೆ ಕಾರ್ಖಾನೆಯ ಅಳತೆ ಸಾಧನಗಳನ್ನೂ. ಬ್ಯಾಕ್ಟೀರಿಯಾ ಕತೆ ಅಲ್ಲಿ ಒಂದು ಎಳೆ ಮಾತ್ರ. ತದ್ವಿರುದ್ಧವಾಗಿ, ಅದನ್ನೇ ನೆಚ್ಚಿಕೊಂಡ ನವೋದ್ಯಮಗಳು ಬಹುತೇಕ ಖಾಸಗಿ, ನನ್ನ ನಿಮ್ಮಂಥವರಿಗೆ ಅಲ್ಲಿ ಪ್ರವೇಶವಿಲ್ಲ. ಅವು ಗೆದ್ದಾಗ ದೊಡ್ಡವರು ಇಡಿಯಾಗಿ ಕೊಂಡುಬಿಡುತ್ತಾರೆ. ಔಷಧ ಪ್ರತಿರೋಧವನ್ನು ಬೇಗ ಹೇಳುವ ಸ್ಪೆಸಿಫಿಕ್ ಡಯಾಗ್ನಾಸ್ಟಿಕ್ಸ್ ಎಂಬ ಖಾಸಗಿ ಕಂಪನಿಯನ್ನು ಬಯೋಮೆರಿಯೂ 2022ರಲ್ಲಿ ಸುಮಾರು 37 ಕೋಟಿ ಯೂರೊಗೆ ಕೊಂಡಿತು. ಲಾಭ ಹೋದದ್ದು ಮೊದಲೇ ಹಣ ಹಾಕಿದ್ದವರಿಗೆ. ಪೇಟೆಯಲ್ಲಿ ಸಾಮಾನ್ಯರಿಗೆ ಸುಲಭವಾಗಿ ಸಿಗುವ ಸಣ್ಣ ಕಂಪನಿಗಳಲ್ಲಿ ಕೆಲವು, ದೊಡ್ಡವರು ಕೊಳ್ಳದೆ ಬಿಟ್ಟವು ಎಂಬ ಅನುಮಾನ ನನಗಿದೆ.

ಭಾರತದಲ್ಲಿದ್ದು ಇಂಥ ವಿದೇಶಿ ಷೇರು ಕೊಳ್ಳುವವರಿಗೆ ನಿಯಮಗಳು ಹೀಗಿವೆ. ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ, ಈ ಯೋಜನೆಯಡಿ ಕಳಿಸುವ ಒಟ್ಟು ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ಹೂಡಿಕೆಗೆಂದು ಕಳಿಸಿದ್ದರಲ್ಲಿ ದಾಟಿದ ಭಾಗಕ್ಕೆ ಶೇ 20ರಷ್ಟು ತೆರಿಗೆಯನ್ನು ಬ್ಯಾಂಕು ಮೊದಲೇ ಹಿಡಿಯುತ್ತದೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಕೊಂಡ ಷೇರು ಎಷ್ಟೇ ಸಣ್ಣದಿರಲಿ, ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಲೇಬೇಕು. ಆ ಪಟ್ಟಿ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕದ್ದು. ಹೊಸಬರು ಎಡವುವುದು ಇಲ್ಲೇ.

ಕೊನೆಗೆ ಒಂದು ಮನೆಪಾಠ, ದುಡ್ಡು ಖರ್ಚಿಲ್ಲದ್ದು. ಅಮೆರಿಕದ ಷೇರುಪೇಟೆ ನಿಯಂತ್ರಕರಾದ ಎಸ್‌ಇಸಿಯ ‘ಎಡ್ಗರ್’ ಜಾಲತಾಣದಲ್ಲಿ ಪ್ರತಿ ನೋಂದಾಯಿತ ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ, ಅದನ್ನು 10-ಕೆ ಎನ್ನುತ್ತಾರೆ. ಆ್ಯಕ್ಸೆಲರೇಟ್‌ನ 2017ರ ವರದಿಯನ್ನು ತೆರೆಯಿರಿ. ಯಂತ್ರದ ವರ್ಣನೆಯನ್ನು ಸದ್ಯಕ್ಕೆ ಬಿಟ್ಟು ನೇರ ನಗದು ಹರಿವಿನ ಪಟ್ಟಿಗೆ ಹೋಗಿ. ವರ್ಷಕ್ಕೆ ಎಷ್ಟು ಕರಗಿತು, ಮಾರಾಟದಿಂದ ಎಷ್ಟು ಬಂತು, ಚಾಲ್ತಿಯಲ್ಲಿರುವ ಷೇರುಗಳು ಎಷ್ಟು ಎಂದು ಬರೆದುಕೊಳ್ಳಿ. ಮುಂದಿನ ವರ್ಷದ ವರದಿಯಲ್ಲೂ ಹೀಗೇ ಮಾಡಿ, ಅದರ ಮುಂದಿನದರಲ್ಲೂ. ಲೆಕ್ಕಪರಿಶೋಧಕರ ಪುಟದಲ್ಲಿ ‘ಗೋಯಿಂಗ್ ಕನ್ಸರ್ನ್’ ಎಂಬ ಪದಗಳು ಎಂದಾದರೂ ಬರುತ್ತವೆಯೇ ನೋಡಿ. ಕಂಪನಿ ಮುಂದಿನ ಒಂದು ವರ್ಷ ನಡೆದೀತೇ ಎಂಬ ಅನುಮಾನವಿದ್ದಾಗ ಅವರು ಬಳಸುವ ಮಾತು ಅದು. ಓದುವಾಗ 2025ರಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ ಎಂದೇ ಭಾವಿಸಿ, ನೀವಾಗಿದ್ದರೆ ಯಾವ ವರ್ಷದ ವರದಿ ಓದಿ ಷೇರು ಮಾರುತ್ತಿದ್ದಿರಿ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.